ಸ್ಕ್ಯಾನ್ ನಾರ್ಮಲ್ ಬಂದ ಮೇಲೂ ಮಾವನವರನ್ನು ಏಕೆ ಮನೆಗೆ ಕಳುಹಿಸಲಿಲ್ಲ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಹಳ್ಳಿಯವರು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 71 ವರ್ಷದ ಮಾವನವರು ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಜಾರಿ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು, ಪ್ರಜ್ಞೆ ತಪ್ಪಲಿಲ್ಲ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರಿಂದ ರಕ್ತ ತೆಳುವಾಗಲು ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ. ಸಿಟಿ ಸ್ಕ್ಯಾನ್ ನಾರ್ಮಲ್ ಎಂದು ಬಂತು. ಆದರೂ ಒಂದು ದಿನ ಇರಿಸಿಕೊಳ್ಳುತ್ತೇವೆ, ಇನ್ನೊಮ್ಮೆ ಸ್ಕ್ಯಾನ್ ಬೇಕಾಗಬಹುದು ಎಂದರು. ಅದೇ ವಾರ ನನ್ನ ಏಳು ವರ್ಷದ ಮಗ ಸೈಕಲ್ಲಿನಿಂದ ಬಿದ್ದು ಹಣೆ ಊದಿಸಿಕೊಂಡು ಒಮ್ಮೆ ವಾಂತಿ ಮಾಡಿದ. ನಾವಾಗಿ ಕೇಳಿದರೂ ಅವನಿಗೆ ಸ್ಕ್ಯಾನ್ ಬೇಡ ಎಂದು ಕೆಲವು ಗಂಟೆ ಕೂರಿಸಿಕೊಂಡು ಕಳುಹಿಸಿದರು. ನಾರ್ಮಲ್ ಬಂದವರನ್ನು ಉಳಿಸಿಕೊಳ್ಳುವುದು, ಸ್ಕ್ಯಾನ್ ಮಾಡದವನನ್ನು ಮನೆಗೆ ಕಳುಹಿಸುವುದು, ಇದರಲ್ಲಿ ಸರಿ ಯಾವುದು? ಇಂಥ ಹೊತ್ತಿನಲ್ಲಿ ನೇರವಾಗಿ ಮಂಗಳೂರಿಗೇ ಹೋಗಬೇಕಿತ್ತೇ?

ಉತ್ತರ: ಎರಡೂ ಸರಿ. ತಲೆಗೆ ಪೆಟ್ಟಾದವರ ವಿಷಯದಲ್ಲಿ ಮನೆಯವರೂ ಕೆಲವೊಮ್ಮೆ ವೈದ್ಯರೂ ಸ್ಕ್ಯಾನನ್ನೇ ತೀರ್ಪು ಎಂದು ತಿಳಿದುಬಿಡುತ್ತಾರೆ. ಅದು ತೀರ್ಪಲ್ಲ. ಆ ಒಂದು ಗಳಿಗೆಯಲ್ಲಿ ತಲೆಬುರುಡೆಯೊಳಗೆ ಏನಿತ್ತು ಎಂಬುದರ ಚಿತ್ರ ಅಷ್ಟೇ. ಯಾರಿಗೆ ಚಿತ್ರ ಬೇಕು, ಯಾರಿಗೆ ಬೇಡ, ಚಿತ್ರ ತೆಗೆದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಿರ್ಧರಿಸುವುದು ಬಿದ್ದವರ ವಯಸ್ಸು, ಬಿದ್ದ ರೀತಿ, ಸೇವಿಸುವ ಔಷಧ, ಮತ್ತು ಬಿದ್ದ ನಂತರದ ಒಂದೊಂದು ಗಂಟೆಯಲ್ಲಿ ಅವರು ಹೇಗಿದ್ದಾರೆ ಎಂಬುದು.

ಮೊದಲು ಸ್ಕ್ಯಾನ್ ಏನನ್ನು ಕಾಣುತ್ತದೆ ಎಂದು ಹೇಳುತ್ತೇನೆ. ಕ್ಷಕಿರಣದ ಕೊಳವೆ ತಲೆಯ ಸುತ್ತ ತಿರುಗುವಾಗ, ಕಿರಣ ಎಲ್ಲಿ ಎಷ್ಟು ತಡೆಯಲ್ಪಟ್ಟಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಆ ಅಳತೆಗಳಿಂದ ಕಂಪ್ಯೂಟರ್ ತಲೆಯ ಅಡ್ಡ ಪದರಗಳನ್ನು ಕಟ್ಟುತ್ತದೆ. ಈ ಯಂತ್ರವನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲೇ ಸಾಂದ್ರತೆಯ ಅಳತೆ ಇದೆ: ನೀರಿಗೆ 0, ಗಾಳಿಗೆ −1000, ಮೆದುಳಿಗೆ ಸುಮಾರು 25ರಿಂದ 40, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 60ರಿಂದ 80. ಮೂಳೆಯದು ಇವೆಲ್ಲಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಬೂದು ಬಣ್ಣದ ಮೆದುಳಿನ ಪಕ್ಕದಲ್ಲಿ ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಇದಕ್ಕೆ ರಕ್ತನಾಳಕ್ಕೆ ಬಣ್ಣದ ಔಷಧ ಚುಚ್ಚಬೇಕಾಗಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ಇಂದಿನ ಯಂತ್ರಗಳಲ್ಲಿ ತಲೆಯ ಚಿತ್ರ ತೆಗೆಯಲು ಕೆಲವು ಸೆಕೆಂಡು ಸಾಕು. ರೋಗಿಯನ್ನು ಮಲಗಿಸಿ ಎಬ್ಬಿಸುವುದೂ ಸೇರಿ ಕೆಲವು ನಿಮಿಷಗಳ ಕೆಲಸ. ಎಂಆರ್‌ಐ ಇನ್ನೂ ಸೂಕ್ಷ್ಮವಾದರೂ ತುರ್ತಿನಲ್ಲಿ ಸಿಟಿಯನ್ನೇ ಮೊದಲು ಹಿಡಿಯಲು ಈ ವೇಗವೇ ಕಾರಣ.

ಮೊದಲ ರೋಗಿಯ ತಲೆಯನ್ನು ಹೀಗೆ ಸ್ಕ್ಯಾನ್ ಮಾಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಅದಕ್ಕೆ ಮುಂಚೆ ತಲೆಬುರುಡೆಯೊಳಗಿನ ರಕ್ತವನ್ನು ನೇರವಾಗಿ ಕಾಣುವ ದಾರಿಯೇ ಇರಲಿಲ್ಲ. ಸಾದಾ ಎಕ್ಸ್‌ರೇಯಲ್ಲಿ ಮೂಳೆಯ ಬಿರುಕು ಕಾಣುತ್ತಿತ್ತು, ಮೆದುಳು ಕಾಣುತ್ತಿರಲಿಲ್ಲ. ಶಸ್ತ್ರವೈದ್ಯರು ಲಕ್ಷಣಗಳ ಆಧಾರದ ಮೇಲೆ ಬುರುಡೆಗೆ ತೂತು ಕೊರೆದು ಹುಡುಕುತ್ತಿದ್ದರು. ಈಗಲೂ ಕೆಲವರು ‘ಎಕ್ಸ್‌ರೇ ತೆಗೆಸಿದ್ದೇವೆ, ಏನೂ ಇಲ್ಲ’ ಎಂದು ನೆಮ್ಮದಿಯಿಂದ ಇರುತ್ತಾರೆ. ಮೂಳೆ ಬಿರುಕು ಬಿಡದೆಯೂ ಒಳಗೆ ರಕ್ತ ಸೋರಬಹುದು. ಸಿಟಿ ಸಿಗುವ ಕಡೆ ತಲೆಪೆಟ್ಟಿಗೆ ಎಕ್ಸ್‌ರೇಯನ್ನು ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ ನಿಮ್ಮ ಮಾವನವರ ವಿಷಯ. ಪ್ರಜ್ಞೆ ತಪ್ಪದೆ, ಮಾತಾಡುತ್ತಾ ನಡೆದು ಬಂದವರಿಗೂ ಸ್ಕ್ಯಾನ್ ಮಾಡಿಸಿದ್ದಕ್ಕೆ ಬಲವಾದ ಕಾರಣಗಳಿದ್ದವು. ಮೇಲ್ನೋಟಕ್ಕೆ ಸಣ್ಣದೆನಿಸುವ ತಲೆಪೆಟ್ಟಿನಲ್ಲಿ ಯಾರಿಗೆ ಸಿಟಿ ಬೇಕು ಎಂದು ಹೇಳಲು 2001ರಲ್ಲಿ ಕೆನಡಾದ ವೈದ್ಯರು ಒಂದು ನಿಯಮ ರೂಪಿಸಿದರು. ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದವರು, ಬಿದ್ದದ್ದು ನೆನಪಿಲ್ಲದವರು, ಗೊಂದಲಗೊಂಡವರು ಅವರ ಅಧ್ಯಯನದಲ್ಲಿದ್ದರು. ಎರಡು ಗಂಟೆ ಕಳೆದರೂ ಪೂರ್ತಿ ಎಚ್ಚರಕ್ಕೆ ಬಾರದಿರುವುದು, ಬುರುಡೆ ಒಡೆದ ಅಥವಾ ತಗ್ಗಾದ ಸಂಶಯ, ಬುರುಡೆಯ ತಳ ಮುರಿದ ಗುರುತುಗಳು, ಎರಡು ಅಥವಾ ಹೆಚ್ಚು ಬಾರಿ ವಾಂತಿ, 65 ಅಥವಾ ಅದಕ್ಕೆ ಮೇಲಿನ ವಯಸ್ಸು: ಇವುಗಳಲ್ಲಿ ಒಂದಿದ್ದರೂ ಅವರಿಗೆ ಸ್ಕ್ಯಾನ್ ಬೇಕು. ಬೀಳುವ ಮುಂಚಿನ ಅರ್ಧ ಗಂಟೆ ಅಥವಾ ಹೆಚ್ಚಿನ ನೆನಪು ಅಳಿಸಿಹೋಗಿರುವುದು, ವಾಹನ ಬಡಿದ ಪಾದಚಾರಿ, ವಾಹನದಿಂದ ಹೊರಕ್ಕೆ ಎಸೆಯಲ್ಪಟ್ಟವರು, ಮೂರು ಅಡಿಗಿಂತ ಅಥವಾ ಐದು ಮೆಟ್ಟಿಲಿಗಿಂತ ಎತ್ತರದಿಂದ ಬಿದ್ದವರು, ಇವೂ ಲೆಕ್ಕಕ್ಕೆ ಬರುತ್ತವೆ. ಮೂರು ಅಡಿ ಎಂದರೆ ನಮ್ಮಲ್ಲಿ ಬಾವಿಕಟ್ಟೆಯಷ್ಟು ಎತ್ತರ. ಮಳೆಗಾಲದಲ್ಲಿ ಅಡಿಕೆ ಮರವೇರಿ ಮದ್ದು ಬಿಡುವವರು ಬಿದ್ದರೆ ಸ್ಕ್ಯಾನ್ ಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಾ ಕೂರುವ ಪ್ರಶ್ನೆಯೇ ಬರುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಸಿಟ್ರೋಮ್‌ನಂಥ ಮಾತ್ರೆ ಸೇವಿಸುವವರಿಗೆ ಆ ನಿಯಮವನ್ನು ಹಚ್ಚುವಂತಿಲ್ಲ, ಏಕೆಂದರೆ ಅಂಥವರನ್ನು ಆ ಅಧ್ಯಯನದಿಂದಲೇ ಹೊರಗಿಟ್ಟಿದ್ದರು. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಜೊತೆಯಾಗಿ ನುಂಗುವ ನಿಮ್ಮ ಮಾವನವರಂಥವರ ವಿಷಯದಲ್ಲೂ ನಾವು ಸ್ಕ್ಯಾನಿನ ಕಡೆಗೇ ವಾಲುತ್ತೇವೆ. ಬೇರೆ ಲಕ್ಷಣವಿಲ್ಲದಿದ್ದರೂ ಸರಿ.

ವಯಸ್ಸು ಏಕೆ ಅಷ್ಟು ಮುಖ್ಯ? ವರ್ಷಗಳು ಕಳೆದಂತೆ ಮೆದುಳು ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ, ಬುರುಡೆ ಇದ್ದಷ್ಟೇ ಇರುತ್ತದೆ. ತೆಂಗಿನಕಾಯಿ ಒಣಗಿದಂತೆ ಒಳಗಿನ ಕೊಬ್ಬರಿ ಕರಟವನ್ನು ಬಿಟ್ಟುಕೊಳ್ಳುವುದನ್ನು ನೀವು ನೋಡಿದ್ದೀರಿ. ಹೆಚ್ಚು ಕಡಿಮೆ ಹಾಗೆ. ಮೆದುಳಿನ ಮೇಲ್ಮೈಯಿಂದ ಹೊರಟು ಹೊರಪೊರೆಯನ್ನು ಸೇರುವ ಸಣ್ಣ ರಕ್ತನಾಳಗಳು ಆ ಖಾಲಿ ಜಾಗವನ್ನು ದಾಟಬೇಕು. ಅವು ಮೊದಲೇ ಎಳೆದುಕೊಂಡಿರುತ್ತವೆ, ಸಣ್ಣ ಕುಲುಕಾಟಕ್ಕೂ ಹರಿಯಬಹುದು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಖಾಲಿ ಜಾಗ ಇರುವುದರಿಂದ ರಕ್ತ ಸಾಕಷ್ಟು ಸೇರುವವರೆಗೂ ಮೆದುಳಿನ ಮೇಲೆ ಒತ್ತಡ ಬೀಳುವುದಿಲ್ಲ. ಹರೆಯದವನಲ್ಲಿ ಒಂದು ಗಂಟೆಯಲ್ಲಿ ತೋರುವ ತಲೆನೋವು, ಮಂಪರು ವೃದ್ಧರಲ್ಲಿ ಮರುದಿನ ತೋರಬಹುದು. ಬಿದ್ದ ಸಂಜೆ ಊಟ ಮಾಡಿ ಟಿವಿ ನೋಡಿ ಮಲಗಿದರು ಎಂಬುದು ವೃದ್ಧರ ವಿಷಯದಲ್ಲಿ ಧೈರ್ಯ ತರುವ ಸಂಗತಿಯಲ್ಲ.

ಸ್ಕ್ಯಾನ್ ಮಾಡಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬಿದ್ದ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸುವುದು ಶ್ಲಾಘನೀಯವೇ, ಆದರೆ ಅಷ್ಟು ಬೇಗ ತೆಗೆದ ಚಿತ್ರದಲ್ಲಿ ನಿಧಾನವಾಗಿ ಜಿನುಗುವ ರಕ್ತ ಇನ್ನೂ ಕಾಣುವಷ್ಟು ಸೇರಿರಲಿಕ್ಕಿಲ್ಲ. ಮೆದುಳು ಜಜ್ಜಿದ ಜಾಗಗಳಂತೂ ಮೊದಲ ಒಂದೆರಡು ದಿನಗಳಲ್ಲಿ ಹಿಗ್ಗುವುದು ಸಾಮಾನ್ಯ. ತಲೆಯ ಹಿಂಭಾಗಕ್ಕೆ ಪೆಟ್ಟಾದವರಲ್ಲಿ ಅವು ಎದುರು ಬದಿಯಲ್ಲಿ, ಹಣೆಯ ಹಿಂದಿನ ಮೆದುಳಿನಲ್ಲಿ, ಕಾಣಿಸಿಕೊಳ್ಳುವುದು ಹೆಚ್ಚು. ಮೊದಲ ಸ್ಕ್ಯಾನ್ ಶುಭ್ರವಾಗಿದ್ದ ಮೇಲೆ ತಡವಾಗಿ ರಕ್ತಸ್ರಾವವಾಗುವವರು ಕಡಿಮೆಯೇ. ಆದ್ದರಿಂದ ಎಲ್ಲರಿಗೂ ಎರಡನೇ ಸ್ಕ್ಯಾನ್ ಎಂಬ ನಿಯಮವಿಲ್ಲ, ನಾನೂ ಅದನ್ನು ಒಪ್ಪುವುದಿಲ್ಲ. ಆದರೆ 71 ವರ್ಷ, ಎರಡು ಮಾತ್ರೆ, ರಾತ್ರಿ ಏನಾದರೂ ಆದರೆ ಹಳ್ಳಿಯಿಂದ ಹೊರಟು ಬರಲು ಬೇಕಾಗುವ ಹೊತ್ತು, ಇವನ್ನೆಲ್ಲ ಒಟ್ಟಿಗೆ ನೋಡಿದ ವೈದ್ಯರು ಒಂದು ದಿನ ಕಣ್ಣೆದುರು ಇರಲಿ ಎಂದದ್ದು ವಿವೇಕ. ‘ಬೇಕಾಗಬಹುದು’ ಎಂಬ ಮಾತನ್ನೂ ಗಮನಿಸಿ. ತಲೆನೋವು ಹೆಚ್ಚಿದರೆ, ಎಚ್ಚರ ಒಂದು ಅಂಕ ಇಳಿದರೂ ಕೂಡಲೇ ಮತ್ತೆ ಸ್ಕ್ಯಾನ್, ಇಲ್ಲದಿದ್ದರೆ ಬಹುಶಃ ಇಲ್ಲ ಎಂದು ಅದರ ಅರ್ಥ.

ಅಂಕ ಎಂದೆನಲ್ಲ, ಅದು ಗ್ಲಾಸ್ಗೋ ಕೋಮಾ ಮಾಪನ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಇದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಎಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದರೂ 3ಕ್ಕಿಂತ ಕೆಳಗಿಲ್ಲ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಎಂದರೆ ತೀವ್ರ. ನಾವು ಗಂಟೆಗಂಟೆಗೆ ಬಂದು ‘ಹೆಸರೇನು, ಇದು ಯಾವ ಊರು, ಯಾವ ತಿಂಗಳು’ ಎಂದು ಕೇಳುವುದು ಈ ಅಂಕಕ್ಕಾಗಿ.

ಕಾಸರಗೋಡಿನವರು ಇಲ್ಲಿ ಎಚ್ಚರವಾಗಿರಬೇಕು. ಮಾತಿನ ಐದು ಅಂಕ ಭಾಷೆಯ ಮೇಲೆ ನಿಂತಿದೆ. ಹೊಸದಾಗಿ ಬಂದ ನರ್ಸ್ ಅಥವಾ ವೈದ್ಯರು ಮಲಯಾಳದಲ್ಲಿ ಕೇಳುತ್ತಾರೆ. ಮನೆಯಲ್ಲಿ ಹವ್ಯಕ ಕನ್ನಡವನ್ನೋ ತುಳುವನ್ನೋ ಮಾತ್ರ ಆಡುವ ಅಜ್ಜಿ ಸುಮ್ಮನೆ ನೋಡುತ್ತಾರೆ. ‘ಗೊಂದಲವಿದೆ’ ಎಂದು ಒಂದು ಅಂಕ ಇಳಿದರೆ ಅನಗತ್ಯವಾಗಿ ಒಂದು ಸ್ಕ್ಯಾನ್ ಆದೀತು, ಅದು ದೊಡ್ಡ ಹಾನಿಯಲ್ಲ. ನನಗೆ ಭಯವಿರುವುದು ಇದರ ತಿರುಗುಮುರುಗಿನ ಬಗ್ಗೆ. ಅಜ್ಜಿಗೆ ನಿಜವಾಗಿಯೂ ಮಂಕು ಕವಿಯುತ್ತಿರುವಾಗ ‘ಭಾಷೆ ಬರುವುದಿಲ್ಲ, ಅದಕ್ಕೇ ಉತ್ತರವಿಲ್ಲ’ ಎಂದು ಬಿಟ್ಟುಬಿಟ್ಟರೆ ಅಮೂಲ್ಯವಾದ ಗಂಟೆಗಳು ಹೋಗುತ್ತವೆ. ಆದ್ದರಿಂದ ಜೊತೆಗಿರುವವರು ಮೊದಲೇ ಹೇಳಿಬಿಡಬೇಕು: ಇವರ ಮಾತು ಇದು, ಎಂದಿನ ನೆನಪಿನ ಶಕ್ತಿ ಇಷ್ಟು, ಕಿವಿ ಕೇಳುವುದು ಇಷ್ಟು. ಪ್ರಶ್ನೆಯನ್ನು ಅವರ ಭಾಷೆಯಲ್ಲಿ ನೀವೇ ಕೇಳಿ, ಬಂದ ಉತ್ತರವನ್ನು ತಿದ್ದದೆ ಹಾಗೆಯೇ ವೈದ್ಯರಿಗೆ ತಿಳಿಸಿ. ಉತ್ತರ ತಪ್ಪಾದರೆ ಅಪ್ಪನ ಮರ್ಯಾದೆ ಹೋಗುತ್ತದೆಂದು ಸರಿಪಡಿಸಿ ಹೇಳುವ ಮಕ್ಕಳನ್ನು ಆಸ್ಪತ್ರೆಗಳಲ್ಲಿ ಕಾಣುತ್ತಲೇ ಇರುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಮಗನ ಲೆಕ್ಕ ಬೇರೆ. ಬಿದ್ದ ಕೂಡಲೇ ಅತ್ತಿದ್ದಾನೆ, ಊತ ಹಣೆಯ ಮೇಲಿದೆ, ಒಂದೇ ವಾಂತಿ, ಎಂದಿನಂತೆ ಮಾತಾಡುತ್ತಿದ್ದಾನೆ ಎಂದುಕೊಳ್ಳುತ್ತೇನೆ; ಇಲ್ಲದಿದ್ದರೆ ಅವರು ಹಾಗೆ ಕಳುಹಿಸುತ್ತಿರಲಿಲ್ಲ. ಅಮೆರಿಕದಲ್ಲಿ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೇ ಇಂದು ಮಕ್ಕಳ ತಲೆಪೆಟ್ಟಿಗೆ ಹೆಚ್ಚಾಗಿ ಬಳಕೆಯಾಗುವ ಆಧಾರ. ಎರಡು ವರ್ಷ ತುಂಬಿದ ಮಗುವಿನಲ್ಲಿ ಮಂಪರು, ಕೇಳಿದ್ದನ್ನೇ ಕೇಳುವುದು, ಅಥವಾ ಬುರುಡೆಯ ತಳ ಮುರಿದ ಗುರುತು ಇದ್ದರೆ ಸ್ಕ್ಯಾನ್. ಪ್ರಜ್ಞೆ ತಪ್ಪಿದ್ದು, ವಾಂತಿ, ತೀವ್ರ ತಲೆನೋವು, ಐದು ಅಡಿಗಿಂತ ಎತ್ತರದಿಂದ ಬಿದ್ದದ್ದು, ಇವುಗಳಲ್ಲಿ ಒಂದೇ ಒಂದು ಇದ್ದು ಮಗು ಚೆನ್ನಾಗಿದ್ದರೆ ನಾಲ್ಕರಿಂದ ಆರು ಗಂಟೆ ಕಣ್ಣಿಟ್ಟು ನೋಡುವುದೂ ಸರಿಯಾದ ಚಿಕಿತ್ಸೆಯೇ. ಕೈಕಟ್ಟಿ ಕೂತಂತೆ ನಿಮಗೆ ಕಂಡಿರಬಹುದು, ಆದರೆ ಆ ಗಂಟೆಗಳೇ ಅವನಿಗೆ ಮಾಡಿದ ಪರೀಕ್ಷೆ. ಎರಡು ವರ್ಷದೊಳಗಿನ ಕೂಸಿನ ನಿಯಮ ಬೇರೆ. ಅಲ್ಲಿ ಹಣೆ ಬಿಟ್ಟು ತಲೆಯ ಪಕ್ಕದಲ್ಲೋ ಹಿಂದೆಯೋ ಮೆತ್ತಗಿನ ಊತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಸ್ಕ್ಯಾನ್ ಮಾಡಿಸಿದ್ದರೆ ಹೋಗುವುದೇನಿತ್ತು ಎಂದು ನೀವು ಕೇಳಬಹುದು. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ. ಲೋಕದಲ್ಲಿ ಸರಾಸರಿ ಮನುಷ್ಯನಿಗೆ ನೆಲ, ಗಾಳಿ, ಆಕಾಶಗಳಿಂದ ಒಂದು ವರ್ಷದಲ್ಲಿ ತಾನಾಗಿ ಸಿಗುವಷ್ಟೇ ಅದು. ವೃದ್ಧರ ವಿಷಯದಲ್ಲಿ ಅದನ್ನು ಲೆಕ್ಕಿಸಬೇಕಾಗಿಯೇ ಇಲ್ಲ. ಮಕ್ಕಳ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುತ್ತಿರುತ್ತವೆ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. 2012ರಲ್ಲಿ ಬ್ರಿಟನ್ನಿನಿಂದ ಬಂದ ದೊಡ್ಡ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾಡಿದ 10,000 ತಲೆ ಸ್ಕ್ಯಾನುಗಳಿಗೆ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಒಂದು ಹೆಚ್ಚುವರಿ ರಕ್ತದ ಕ್ಯಾನ್ಸರ್, ಒಂದು ಹೆಚ್ಚುವರಿ ಮೆದುಳಿನ ಗೆಡ್ಡೆ. ಅಪಾಯ ತೀರಾ ಚಿಕ್ಕದು. ಸ್ಕ್ಯಾನ್ ಬೇಕಾದ ಮಗುವಿಗೆ ಈ ಕಾರಣ ಹೇಳಿ ತಡ ಮಾಡುವುದು ದೊಡ್ಡ ತಪ್ಪು. ಬೇಡದ ಮಗುವಿಗೆ ಮನೆಯವರ ಸಮಾಧಾನಕ್ಕಾಗಿ ಮಾಡುವುದೂ ತಪ್ಪು. ಒತ್ತಾಯಕ್ಕೆ ಮಣಿಯದ ಆ ವೈದ್ಯರ ಬಗ್ಗೆ ನನಗೆ ಗೌರವವಿದೆ. ಸ್ಕ್ಯಾನಿಗೆ ಬರೆದುಕೊಟ್ಟು ಕಳುಹಿಸುವುದು ಅವರಿಗೆ ಸುಲಭವಾಗಿತ್ತು.

ಮಂಗಳೂರಿನ ಪ್ರಶ್ನೆಗೆ ಬರುತ್ತೇನೆ. ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್, ನಿಮ್ಮಲ್ಲಿಂದ ಒಳದಾರಿಗಳೂ ಸೇರಿ ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. ಗಡಿನಾಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು ಎಂಬ ರೂಢಿ ಬಲವಾಗಿದೆ. 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಆ ರೂಢಿಯೇ ಎಷ್ಟು ಸಂಕಟ ತಂದಿತು ಎಂಬುದು ಎಲ್ಲರಿಗೂ ನೆನಪಿದೆ. ನನ್ನ ಅಭಿಪ್ರಾಯ ಇದು: ಮಾತಾಡುತ್ತಿರುವ, ಎಚ್ಚರವಾಗಿರುವ ರೋಗಿಯನ್ನು ಸಿಟಿ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ಮಾವನವರ ವಿಷಯದಲ್ಲಿ ಆಗಿದ್ದೂ ಅದೇ. ಪ್ರಜ್ಞೆಯಿಲ್ಲದ, ಗೊರಗೊರ ಉಸಿರಾಡುವ, ಒಂದು ಕಣ್ಣಿನ ಪಾಪೆ ಹಿಗ್ಗಿದ ರೋಗಿಗೆ ಕೊನೆಗೆ ಬೇಕಾಗುವುದು ನರಶಸ್ತ್ರವೈದ್ಯರಿರುವ ಆಸ್ಪತ್ರೆಯೇ, ಆದರೆ ಮೊದಲು ಶ್ವಾಸನಾಳ ಭದ್ರವಾಗಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಒಂದೂವರೆ ಗಂಟೆ ಆಮ್ಲಜನಕವಿಲ್ಲದೆ ಸಾಗಿದರೆ, ಮೊದಲ ಪೆಟ್ಟಿಗಿಂತ ಆ ಪ್ರಯಾಣವೇ ಮೆದುಳಿಗೆ ಹೆಚ್ಚು ಕೇಡು ಮಾಡುತ್ತದೆ. 108ಕ್ಕೆ ಕರೆ ಮಾಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಸೇರಿ ಎತ್ತಿ. 65 ದಾಟಿದವರು ಬಿದ್ದಾಗ ತಲೆಯ ಜೊತೆಗೆ ಕುತ್ತಿಗೆಯ ಸ್ಕ್ಯಾನನ್ನೂ ಹಲವು ಬಾರಿ ಮಾಡುವುದು ಈ ಭಯದಿಂದ: ಕುತ್ತಿಗೆಯ ಮೂಳೆ ಮುರಿದಿದ್ದರೂ ನೋವು ಅಷ್ಟಾಗಿ ಇಲ್ಲದಿರಬಹುದು. ನೀರು, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ. ಕಿವಿ, ಮೂಗಿನಿಂದ ರಕ್ತವೋ ತಿಳಿನೀರೋ ಬರುತ್ತಿದ್ದರೆ ಹತ್ತಿ ತುರುಕಬೇಡಿ. ಬಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಸೇವಿಸುವ ಮಾತ್ರೆಗಳ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳಿ. ಬಿದ್ದವನ ಬಾಯಲ್ಲಿ ಹೆಂಡದ ವಾಸನೆ ಇದ್ದರೆ ‘ಅಮಲು, ಮಲಗಲಿ’ ಎಂದು ಜಗಲಿಯಲ್ಲಿ ಬಿಡಬೇಡಿ. ಕುಡಿದವರು ಹೆಚ್ಚು ಬೀಳುತ್ತಾರೆ. ಅಮಲು ಯಾವುದು, ಒಳಗಿನ ರಕ್ತಸ್ರಾವ ಯಾವುದು ಎಂದು ಹೊರಗಿನಿಂದ ಹೇಳಲು ನಮ್ಮಿಂದಲೂ ಆಗುವುದಿಲ್ಲ.

ಇಲ್ಲಿಂದ ಮಂಗಳೂರಿಗೆ ಹೋಗಬೇಕಾಗಿ ಬಂದರೆ ಸ್ಕ್ಯಾನಿನ ಸಿಡಿಯನ್ನು ಕೇಳಿ ಪಡೆಯಿರಿ. ಫಿಲ್ಮಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುವುದು ತುರ್ತಿಗೆ ಒದಗುತ್ತದೆ, ನಾನೂ ಅದನ್ನು ನೋಡಿ ಸಲಹೆ ಕೊಡುತ್ತೇನೆ. ಆದರೆ ಮೂಳೆಗೆ ಒಂದು, ಮೆದುಳಿಗೆ ಒಂದು, ಬುರುಡೆಗೆ ಅಂಟಿದ ತೆಳು ರಕ್ತಕ್ಕೆ ಇನ್ನೊಂದು ಎಂದು ಬೆಳಕು ಬದಲಿಸಿ ನೋಡಲು ಮೂಲ ಕಡತವೇ ಬೇಕು. ಬುರುಡೆಯ ಬಿಳುಪಿಗೆ ಅಂಟಿಕೊಂಡ ಬಿಳಿ ರಕ್ತದ ಪದರ ಫೋಟೋದಲ್ಲಿ ಕಣ್ತಪ್ಪುವುದು ಸುಲಭ.

ಸ್ಕ್ಯಾನಿನಲ್ಲಿ ರಕ್ತ ಕಂಡಿದೆ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಎಂದಲ್ಲ. ಹೊರಪೊರೆಯ ಹೊರಗೆ ಸೇರಿದ ರಕ್ತ 30 ಮಿಲಿಲೀಟರ್ ದಾಟಿದರೆ, ಪೊರೆಯ ಒಳಗಿನ ರಕ್ತದ ದಪ್ಪ 10 ಮಿಲಿಮೀಟರ್ ಮೀರಿದರೆ ಅಥವಾ ಮೆದುಳಿನ ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ರೋಗಿ ಹೇಗೇ ಕಾಣಲಿ, ತೆಗೆಯಬೇಕು. ಇದಕ್ಕಿಂತ ಕಡಿಮೆಯಿದ್ದರೆ ಬಹುತೇಕ ಕಾದು ನೋಡುತ್ತೇವೆ. ಇವುಗಳಲ್ಲಿ ಮೊದಲನೆಯದು, ಅಂದರೆ ಹೊರಪೊರೆಯ ಹೊರಗೆ ಸೇರುವ ರಕ್ತ, ಅತಿ ಮೋಸದ್ದು. ಕಪಾಲದ ಪಕ್ಕದ ಧಮನಿ ಹರಿದು, ನಡುವೆ ಸ್ವಲ್ಪ ಹೊತ್ತು ರೋಗಿ ಪೂರ್ತಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಆಮೇಲೆ ಸರ್ರನೆ ಕುಸಿಯುತ್ತಾನೆ. ಬೈಕಿನಿಂದ ಬಿದ್ದು ಎದ್ದು ಮನೆಗೆ ಹೋದ ಹುಡುಗ ರಾತ್ರಿ ಎಬ್ಬಿಸಿದರೆ ಏಳಲಿಲ್ಲ ಎನ್ನುವುದು ಇದೇ. ಸಮಯಕ್ಕೆ ತೆಗೆದರೆ ಹೆಚ್ಚಿನವರು ಪೂರ್ತಿ ಗುಣವಾಗಿ ಮನೆಗೆ ಹೋಗುತ್ತಾರೆ, ಆದ್ದರಿಂದಲೇ ಅದನ್ನು ತಪ್ಪಿಸಿಕೊಂಡರೆ ಆಗುವ ನಷ್ಟ ಅಷ್ಟು ದೊಡ್ಡದು. ಇನ್ನು, ವೇಗದ ಅಪಘಾತಗಳಲ್ಲಿ ಮೆದುಳಿನ ನರತಂತುಗಳೇ ಅಲ್ಲಲ್ಲಿ ಹರಿದಿದ್ದರೆ ಸಿಟಿ ನಾರ್ಮಲ್ ಇದ್ದೂ ರೋಗಿ ಪ್ರಜ್ಞೆಯಿಲ್ಲದೆ ಮಲಗಿರಬಹುದು. ಅಲ್ಲಿ ಎಂಆರ್‌ಐ ಹೆಚ್ಚು ಹೇಳುತ್ತದೆ.

ಮಾವನವರ ಮಾತ್ರೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೆದರಿ ಎರಡನ್ನೂ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಹೃದಯಾಘಾತ. ನಿಲ್ಲಿಸುವುದೋ, ಒಂದನ್ನು ಬಿಡುವುದೋ, ಯಾವಾಗ ಮತ್ತೆ ಆರಂಭಿಸುವುದೋ ಎಂಬುದನ್ನು ಹೃದಯದ ವೈದ್ಯರೂ ತಲೆಯನ್ನು ನೋಡಿದ ವೈದ್ಯರೂ ಮಾತಾಡಿಕೊಂಡು ಹೇಳಬೇಕು.

ಮನೆಗೆ ಬಂದ ಮೇಲೆ ಮೊದಲ ಒಂದೆರಡು ದಿನ ಅವರ ಕೋಣೆಯಲ್ಲಿ ಒಬ್ಬರು ದೊಡ್ಡವರು ಮಲಗಲಿ. ನಿದ್ರೆ ಬರಿಸುವ ಮಾತ್ರೆ ಬೇಡ. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಲಾಗದ ನಿದ್ದೆ, ತೊದಲು, ಒಂದು ಬದಿಯ ಕೈಕಾಲಿನ ಸೋಲು, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಅವರ ವಯಸ್ಸಿಗೆ ಇನ್ನೂ ಒಂದು ದೀರ್ಘವಾದ ಕಾವಲು ಬೇಕು. ಪೊರೆಯ ಒಳಗೆ ತೀರಾ ನಿಧಾನವಾಗಿ ಸೇರುವ ರಕ್ತ ಮೂರು ವಾರ, ಕೆಲವೊಮ್ಮೆ ಎರಡು ತಿಂಗಳು ಕಳೆದ ಮೇಲೆ ತಲೆಯೆತ್ತುತ್ತದೆ. ಆಗ ಅವರು ಮಂಕಾಗುತ್ತಾರೆ, ನಡಿಗೆ ತೂರಾಡುತ್ತದೆ, ಒಂದು ಕಾಲು ಎಳೆಯುತ್ತಾರೆ, ಮೂತ್ರದ ಮೇಲೆ ಹಿಡಿತ ತಪ್ಪುತ್ತದೆ. ಮನೆಯವರು ವಯಸ್ಸಾಯಿತು ಎಂದೋ ಪಕ್ಷವಾತ ಎಂದೋ ತಿಳಿದು ಎಣ್ಣೆ ತಿಕ್ಕಿಸುತ್ತಾರೆ. ಆಟಿಯ ಜಾರಾಟ ಅಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತದೆ. ಈ ಕಾಯಿಲೆಗೆ ಬುರುಡೆಯಲ್ಲಿ ಒಂದೆರಡು ಸಣ್ಣ ತೂತು ಮಾಡಿ ಹಳೆಯ ರಕ್ತವನ್ನು ಹೊರಬಿಟ್ಟರೆ, ನಡೆಯಲಾಗದೆ ಬಂದವರು ನಡೆದುಕೊಂಡೇ ಹೋಗುವುದುಂಟು. ಎರಡು ಮೂರು ವಾರಗಳ ಹಳೆಯ ರಕ್ತಕ್ಕೆ ಬಿಳುಪು ಹೋಗಿ ಮೆದುಳಿನದೇ ಬೂದು ಬಣ್ಣ ಬಂದಿರುತ್ತದೆ, ಮೊದಲ ನೋಟಕ್ಕೆ ಕಾಣದಿರಬಹುದು. ಹಾಗಾಗಿ ನವರಾತ್ರಿಯೊಳಗೆ ಅವರಲ್ಲಿ ಇಂಥ ಬದಲಾವಣೆ ಕಂಡು ಸ್ಕ್ಯಾನ್ ಮಾಡಿಸುವುದಾದರೆ, ಬಿದ್ದ ದಿನಾಂಕವನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಬಿದ್ದಾಗ ತೆಗೆದ ಸ್ಕ್ಯಾನಿನ ಸಿಡಿಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡುವಂತೆ ಕೇಳಿಕೊಳ್ಳಿ.